ಬಾವಿಗೆ ಬಿದ್ದ ಹಸು, ಬೆಟ್ಟಕ್ಕೆ ಬಿದ್ದ ಬೆಂಕಿ

ಹಸು ಬಾವಿಗೆ ಬಿದ್ದರೆ ಹಗ್ಗ ಬಿಗಿದು ಎಳೆದರಾಯಿತು ಎಂದುಕೊಳ್ಳುವವರೇ ಹೆಚ್ಚು. ಹಾಗೆ ಎಳೆದರೆ ಹಸುವಿನ ಮೈಭಾರಕ್ಕೆ ಹಗ್ಗ ಚರ್ಮವನ್ನು ಕೊಯ್ದುಬಿಡುತ್ತದೆ. ಗಾಬರಿಯಾದ ಪ್ರಾಣಿ ಒದ್ದಾಡಿ ಕಾಲು ಮುರಿದುಕೊಳ್ಳುತ್ತದೆ. ಅಗ್ನಿಶಾಮಕ ದಳದವರಿಗೆ ಇದು ಗೊತ್ತು. ನೀರು ಹಾಯಿಸಲು ಬಾರದಷ್ಟು ಸವೆದ ಹೋಸ್ ಪೈಪನ್ನು ಅವರು ಎಸೆಯುವುದಿಲ್ಲ. ಒಬ್ಬರು ಬಾವಿಗಿಳಿದು, ಈಜುತ್ತಲೇ ಹಸುವಿನ ಮುಂಗಾಲುಗಳ ಹಿಂದೆ ಒಂದು ಸುತ್ತು, ಹೊಟ್ಟೆಯ ಹಿಂಭಾಗಕ್ಕೆ ಇನ್ನೊಂದು ಸುತ್ತು ಆ ಪೈಪನ್ನು ತರುತ್ತಾರೆ. ಅಗಲವಾದ ಪಟ್ಟಿ ಮೈಗೆ ಒತ್ತದೆ ಭಾರ ಹೊರುತ್ತದೆ. ಮೇಲಿರುವವರು ಒಂದೇ ಹದದಲ್ಲಿ ಎಳೆಯುತ್ತಾರೆ, ಕ್ರೇನ್ ಸಿಕ್ಕರೆ ಅದಕ್ಕೆ ಕಟ್ಟುತ್ತಾರೆ. ಅವಸರ ಮಾಡುವ ಊರವರನ್ನು ಕಟ್ಟೆಯಿಂದ ದೂರ ಇಡುವುದೇ ಠಾಣಾಧಿಕಾರಿಗೆ ದೊಡ್ಡ ಕೆಲಸ.

ತಮಿಳುನಾಡಿನ ಪಳನಿ, ದಿಂಡಿಗಲ್, ಥೇಣಿ, ಬೋಡಿನಾಯಕನೂರು (ಬೋಡಿ), ಕಂಬಂ ಸೀಮೆಯ ಸಣ್ಣ ಊರುಗಳಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯ ಬದುಕು ಬಹುಪಾಲು ಹೀಗೆಯೇ. ಇದು ಬಾವಿಗಳ ನಾಡು. ಕೊಡೈಕೆನಾಲ್ ಬೆಟ್ಟಸಾಲಿನ ಉತ್ತರದ ಬುಡದಲ್ಲಿ ಪಳನಿ, ದಕ್ಷಿಣದ ಕಡೆಗೆ ಥೇಣಿ ಮತ್ತು ದ್ರಾಕ್ಷಿ ತೋಟಗಳ ಕಂಬಂ ಕಣಿವೆ. ಆ ಕಣಿವೆ ಕನ್ನಡಿಗರಿಗೆ ಪರಕೀಯವಲ್ಲ. ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡಿರುವ ಕಾಪಿಲಿಯ ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ಅಲ್ಲಿ ಬೇಸಾಯ ಮಾಡುತ್ತಿವೆ. ಕಂಬಂನ ನಂದಗೋಪಾಲ ಗುಡಿಯ ದೇವರ ದನಗಳಿಗೆ ಪೊಂಗಲ್ ಸಮಯದಲ್ಲಿ ಸಲ್ಲುವ ಪೂಜೆಯನ್ನು ನೋಡಿದವರಿಗೆ, ಅಲ್ಲಿ ಒಂದು ಹಸುವಿನ ಜೀವಕ್ಕೆ ಎಷ್ಟು ಬೆಲೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬಾವಿಯ ಕರೆಗಳಲ್ಲಿ ಹಸುವಿನದ್ದು ಸುಲಭದ್ದು. ಹೂಳೆತ್ತಲು ಇಳಿದವನು ಕುಸಿದುಬಿದ್ದ ಎಂಬ ಕರೆ ಬಂದರೆ ಠಾಣೆಯಲ್ಲಿ ಎಲ್ಲರ ಮುಖ ಬದಲಾಗುತ್ತದೆ. ಬಳಸದ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ. ಒಳಗೆ ಡೀಸೆಲ್ ಪಂಪು ಓಡಿಸಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಿದ್ದವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ನೆರೆಯವನು ಇಳಿಯುತ್ತಾನೆ. ಇಂಥ ಅವಘಡಗಳಲ್ಲಿ ಮೊದಲು ಬಿದ್ದವನಿಗಿಂತ ಕಾಪಾಡಲು ಹೋದವರೇ ಹೆಚ್ಚಾಗಿ ಸಾಯುವುದುಂಟು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಇಲ್ಲದೆ ತನ್ನವರಲ್ಲಿ ಯಾರೊಬ್ಬರನ್ನೂ ಠಾಣಾಧಿಕಾರಿ ಇಳಿಸುವುದಿಲ್ಲ. ಮೇಲೆ ನಿಂತ ಹೆಂಗಸರು ಗೋಳಾಡುತ್ತಿರುವಾಗ ಎರಡು ನಿಮಿಷ ತಡೆದು ನಿಲ್ಲುವುದು, ಬೆಂಕಿಯೊಳಗೆ ನುಗ್ಗುವುದಕ್ಕಿಂತ ಕಷ್ಟದ ಧೈರ್ಯ.

ಪಳನಿಯ ಠಾಣೆಗೆ ಇನ್ನೊಂದು ಹೊಣೆ ಇದೆ: ಜನಸಾಗರ. ತೈಪೂಸಂ, ಪಂಗುನಿ ಉತ್ತಿರ ಹಬ್ಬಗಳಿಗೆ ಲಕ್ಷಾಂತರ ಜನ ಕಾವಡಿ ಹೊತ್ತು ಬರಿಗಾಲಲ್ಲಿ ನಡೆದು ಬರುತ್ತಾರೆ. ಬೆಟ್ಟದ ಮೇಲಿನ ಮುರುಗನ ಗುಡಿಗೆ 693 ಮೆಟ್ಟಿಲು, ಜೊತೆಗೆ ವಿಂಚ್ ರೈಲು, 2004ರಲ್ಲಿ ಶುರುವಾದ ರೋಪ್‌ಕಾರ್. ಷಣ್ಮುಗ ನದಿಯಲ್ಲಿ, ಇಡುಂಬನ್ ಕೆರೆಯಲ್ಲಿ ಮೀಯುವವರಲ್ಲಿ ಈಜು ಬಾರದವರೇ ಬಹಳ. ಅನ್ನದಾನದ ಚಪ್ಪರಗಳಲ್ಲಿ ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲೇ ತೆಂಗಿನ ಗರಿ. 2023ರ ಜನವರಿ 27ರ ಕುಂಭಾಭಿಷೇಕದಂಥ ದಿನಗಳಲ್ಲಿ ಏನೂ ಆಗಲಿಲ್ಲ ಎಂಬುದೇ ಆ ಅಧಿಕಾರಿಯ ಸಾಧನೆ. ಆಗದೇ ಹೋದ ಅವಘಡ ಪತ್ರಿಕೆಯಲ್ಲಿ ಬರುವುದಿಲ್ಲ.

ದಿಂಡಿಗಲ್ ಕಡೆಯ ನೂಲಿನ ಗಿರಣಿಗಳ ಬೆಂಕಿಯೇ ಬೇರೆ ಬಗೆಯದು. ಹತ್ತಿಯ ಮೂಟೆಗೆ ಕಿಡಿ ಹೊಕ್ಕರೆ ಹೊರಗೆ ಎಷ್ಟು ನೀರು ಸುರಿದರೂ ಒಳಗೆ ಕನಲುತ್ತಲೇ ಇರುತ್ತದೆ. ಒಂದೊಂದು ಮೂಟೆಯನ್ನೂ ಹೊರಗೆಳೆದು, ಬಿಚ್ಚಿ, ತೋಯಿಸಬೇಕು. ರಾತ್ರಿ ಆರಿತು ಎಂದು ಹೊರಟರೆ ಬೆಳಗ್ಗೆ ಮತ್ತೆ ಕರೆ.

ಆದರೆ ಈ ಸೀಮೆಯ ಬೆಂಕಿ ಎಂದರೆ ಎಲ್ಲರ ನೆನಪಿಗೆ ಬರುವುದು 2018ರ ಮಾರ್ಚ್ 11, ಭಾನುವಾರ. ಬೋಡಿಯಿಂದ ಸುಮಾರು 15 ಕಿ.ಮೀ. ದೂರದ ಕುರಂಗಣಿಯ ಮೇಲೆ, ಕೊಳುಕ್ಕುಮಲೈ ಚಹಾ ತೋಟದ ಕಡೆಯಿಂದ ಇಳಿಯುತ್ತಿದ್ದ ಚಾರಣಿಗರನ್ನು ಕಾಳ್ಗಿಚ್ಚು ಸುತ್ತುವರಿಯಿತು. ಚೆನ್ನೈನಿಂದ ಒಂದು ತಂಡ, ತಿರುಪ್ಪೂರು-ಈರೋಡ್ ಕಡೆಯಿಂದ ಇನ್ನೊಂದು. ಸೇರಿ ಮೂವತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹೆಚ್ಚಿನವರು ಯುವತಿಯರು. ಅಲ್ಲಿ ಇದ್ದದ್ದು ಎದೆಯೆತ್ತರದ ಒಣಹುಲ್ಲು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಏರುವಾಗ ಜ್ವಾಲೆಯ ಝಳ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿಟ್ಟಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಕಡಿದಾದಂತೆಲ್ಲ ಬೆಂಕಿಯ ವೇಗ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಮೇಲಕ್ಕೆ ಓಡಿ ಅದನ್ನು ಗೆಲ್ಲಲು ಯಾರಿಂದಲೂ ಆಗುವುದಿಲ್ಲ. ಬದುಕುವ ದಾರಿ ಪಕ್ಕಕ್ಕೆ ಸರಿಯುವುದು, ಈಗಾಗಲೇ ಸುಟ್ಟು ಕರಕಲಾದ ನೆಲಕ್ಕೆ ಸೇರಿಕೊಳ್ಳುವುದು. ಹೊಗೆಯಲ್ಲಿ ದಿಕ್ಕು ತಪ್ಪಿದವರಿಗೆ ಇದನ್ನು ಹೇಳುವವರು ಯಾರಿದ್ದರು?

ಸುದ್ದಿ ಕೆಳಗೆ ಮುಟ್ಟಿ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಅರಣ್ಯದವರು ಹೊರಟರು. ಅಗ್ನಿಶಾಮಕ ವಾಹನ ರಸ್ತೆ ಇರುವವರೆಗೆ ಮಾತ್ರ ಹೋಗುತ್ತದೆ. ಸಾವಿರಾರು ಲೀಟರ್ ನೀರು, ಪಂಪು, ಏಣಿ ಎಲ್ಲವನ್ನೂ ಬೆಟ್ಟದ ಬುಡದಲ್ಲಿ ಬಿಟ್ಟು ಅವರು ಕತ್ತಲಲ್ಲಿ ಕಾಲ್ನಡಿಗೆಯಲ್ಲಿ ಹತ್ತಬೇಕಾಯಿತು. ಅವರಿಗಿಂತ ಮೊದಲು ಅಲ್ಲಿಗೆ ತಲುಪಿದವರು ಬೆಟ್ಟದ ಹಳ್ಳಿಯವರು, ತೋಟದ ಕೂಲಿಗಳು. ಕಂಬಳಿ, ಹಾಸಿಗೆ ವಸ್ತ್ರಗಳನ್ನು ಕೋಲಿಗೆ ಕಟ್ಟಿ ಡೋಲಿ ಮಾಡಿ, ಸುಟ್ಟ ಮೈಯವರನ್ನು ಹೆಗಲ ಮೇಲೆ ಹೊತ್ತು ರಾತ್ರಿಯೆಲ್ಲ ಇಳಿಸಿದರು. ವಾಯುಪಡೆಯ ಹೆಲಿಕಾಪ್ಟರುಗಳು, ಗರುಡ ಕಮಾಂಡೊಗಳು ಬಂದರು. ಬೋಡಿ, ಥೇಣಿ, ಮಧುರೆಯ ಆಸ್ಪತ್ರೆಗಳಲ್ಲಿ ವಾರಗಳ ಕಾಲ ಸಾವಿನ ಸಂಖ್ಯೆ ಏರುತ್ತಲೇ ಹೋಗಿ ಇಪ್ಪತ್ತನ್ನು ದಾಟಿತು.

ಚಾರಣಿಗರು ಹಿಡಿದ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಇರಲಿಲ್ಲ ಎಂದು ಸರ್ಕಾರ ಹೇಳಿತು. ಅತುಲ್ಯ ಮಿಶ್ರಾ ಎಂಬ ಹಿರಿಯ ಐಎಎಸ್ ಅಧಿಕಾರಿಯಿಂದ ವಿಚಾರಣೆ ನಡೆಯಿತು, ಅದೇ ವರ್ಷ ಚಾರಣಕ್ಕೆ ನಿಯಮಾವಳಿ ಬಂತು. ಈಗ ಫೆಬ್ರುವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಕಾಳ್ಗಿಚ್ಚಿನ ಕಾಲವೆಂದು ಚಾರಣದ ದಾರಿಗಳನ್ನು ಮುಚ್ಚುತ್ತಾರೆ. ಒಳ್ಳೆಯದೇ. ಆದರೆ ಬೆಟ್ಟದಡಿಯ ಠಾಣೆಗೆ ಬೇಕಾದದ್ದು ಇನ್ನೂ ಇದೆ. ದೊಡ್ಡ ಟ್ಯಾಂಕರಿನ ಜೊತೆಗೆ ಬೆನ್ನಿಗೆ ಹೊರುವ ಪಂಪು, ಹಗುರವಾದ ಸ್ಟ್ರೆಚರ್, ಸುಟ್ಟಗಾಯದ ಮದ್ದು, ಕಣಿವೆಯಲ್ಲೂ ಕೇಳಿಸುವ ವೈರ್‌ಲೆಸ್ ಬೇಕು. ಎಲ್ಲಕ್ಕಿಂತ ಮೊದಲು, ಡೋಲಿ ಹೊತ್ತ ಆ ಹಳ್ಳಿಯ ಹುಡುಗರಿಗೇ ತರಬೇತಿ, ವಿಮೆ, ಗೌರವಧನ ಕೊಟ್ಟು ಠಾಣೆಯ ಜೊತೆ ಕಟ್ಟಿಕೊಳ್ಳಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗಲೂ, ಹೆಲಿಕಾಪ್ಟರ್ ಬರುವ ಮುನ್ನ ಹಸಿ ಸೊಪ್ಪಿನಲ್ಲಿ ಬಡಿದು ಬೆಂಕಿ ಆರಿಸುತ್ತಿದ್ದವರು ನೆಲದ ಮೇಲಿನ ಕಾವಲುಗಾರರು ಮತ್ತು ಸ್ವಯಂಸೇವಕರೇ.

ಈ ಕೆಲಸದಲ್ಲಿ ಸಾವು ಬಲು ಹತ್ತಿರ. 2020ರ ನವೆಂಬರ್ 14, ದೀಪಾವಳಿಯ ದಿನ, ಮಧುರೆಯ ಹಳೆಯ ಕಟ್ಟಡದಲ್ಲಿದ್ದ ಬಟ್ಟೆ ಅಂಗಡಿಗೆ ಬೆಂಕಿ ಬಿತ್ತು. ಆರಿಸುತ್ತಿದ್ದಾಗ ಕಟ್ಟಡ ಕುಸಿದು ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಊರಿಗೆ ಊರೇ ಹಬ್ಬ ಮಾಡುವ ದಿನ ಈ ಇಲಾಖೆಯವರಿಗೆ ರಜೆ ಸಿಗುವುದಿಲ್ಲ. ಪಟಾಕಿಯ ದಿನ ಅವರ ಮನೆಯವರು ದೀಪ ಹಚ್ಚುವಾಗ ಅವರು ಠಾಣೆಯಲ್ಲಿರುತ್ತಾರೆ.

ಜೀವ ಉಳಿಸುವ ಇನ್ನೊಂದು ಕೆಲಸ ನಡೆಯುವುದು ಕಾಗದದ ಮೇಲೆ, ಕಟ್ಟಡಗಳ ಪರವಾನಗಿಯ ಕಡತದಲ್ಲಿ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದರು. ಅಡುಗೆಮನೆಯ ಬೆಂಕಿ ಗರಿಯ ಸೂರಿಗೆ ಹತ್ತಿತ್ತು, ಮಕ್ಕಳು ಇಳಿಯಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ಶಾಲೆಗಳಿಂದ ಗರಿಯ ಸೂರು ಹೋದದ್ದು ಆಮೇಲೆ. ಇಪ್ಪತ್ತು ವರ್ಷ ಕಳೆದು, 2024ರ ಡಿಸೆಂಬರ್ 12ರ ರಾತ್ರಿ, ದಿಂಡಿಗಲ್‌ನ ಖಾಸಗಿ ಮೂಳೆ ಆಸ್ಪತ್ರೆಯೊಂದರ ಕೆಳ ಅಂತಸ್ತಿನಲ್ಲಿ ಬೆಂಕಿ ಹೊತ್ತಿತು. ಸಿಬ್ಬಂದಿ ರೋಗಿಗಳನ್ನು ಹೊತ್ತು ಹೊರತಂದರು. ಹೊಗೆಯಿಂದ ತಪ್ಪಿಸಿಕೊಳ್ಳಲು ಲಿಫ್ಟ್ ಹತ್ತಿದವರು ಅದರೊಳಗೇ ಪ್ರಜ್ಞೆ ತಪ್ಪಿದ್ದರು. ಒಂದು ಮಗುವೂ ಸೇರಿ ಕನಿಷ್ಠ ಆರು ಮಂದಿ ಸತ್ತರು.

ಬೆಂಕಿಯ ಹೊತ್ತಿನಲ್ಲಿ ಲಿಫ್ಟ್ ಹತ್ತಬಾರದು ಎಂಬುದು ಪ್ರತಿ ಅಣಕು ಪ್ರದರ್ಶನದಲ್ಲೂ ಹೇಳುವ ಮಾತು. ಕಾಲು ಮುರಿದ ರೋಗಿ ಬೇರೇನು ಮಾಡಬೇಕಿತ್ತು? ಇಂಥವರನ್ನು ಇಳಿಸಲು ಇಳಿಜಾರು ದಾರಿ, ಹೊಗೆ ತಡೆಯುವ ಬಾಗಿಲು, ಮುಚ್ಚದ ಎರಡನೇ ಮೆಟ್ಟಿಲು ಇವೆಯೇ ಎಂದು ಬೆಂಕಿ ಬೀಳುವ ಮುಂಚೆ ಕೇಳಬೇಕು. ಅದನ್ನು ಕೇಳುವ ಅಧಿಕಾರ ಠಾಣಾಧಿಕಾರಿ ಮತ್ತು ಅವರ ಮೇಲಧಿಕಾರಿಗಳಿಗಿದೆ. ಸಣ್ಣ ಊರಿನಲ್ಲಿ ಆಸ್ಪತ್ರೆಯ ಮಾಲೀಕರೂ ಕಲ್ಯಾಣ ಮಂಟಪದ ಯಜಮಾನರೂ ದಿನ ಬೆಳಗಾದರೆ ಎದುರಾಗುವ ಮುಖಗಳು. ಅವರಿಗೆ ಇಲ್ಲ ಎನ್ನುವುದು, ಪರವಾನಗಿಯ ಕಡತ ವಾಪಸು ಕಳಿಸುವುದು, ಮೇಲಿನಿಂದ ಫೋನು ಬಂದರೂ ಮಣಿಯದಿರುವುದು ಆ ಹುದ್ದೆಯ ನಿಜವಾದ ಪರೀಕ್ಷೆ. ಸರ್ಕಾರ ಅವರ ಬೆನ್ನಿಗೆ ನಿಲ್ಲಬೇಕಾದದ್ದು ಅಲ್ಲಿಯೇ.

ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ದೇಶದ ಎಲ್ಲ ಠಾಣೆಗಳಲ್ಲೂ ಅಗ್ನಿಶಾಮಕ ಸಪ್ತಾಹ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಿಸಿ, ಬೆಂಕಿ ಆರಿಸುತ್ತಿದ್ದ ಹತ್ತಾರು ಸಿಬ್ಬಂದಿ ಸತ್ತಿದ್ದರು. ಆ ವಾರ ಬಸ್ ನಿಲ್ದಾಣ, ಸಂತೆ, ಗಿರಣಿಗಳ ಅಂಗಳಕ್ಕೆ ವಾಹನ ಬಂದು ನಿಲ್ಲುತ್ತದೆ. ಉರಿಯುವ ಗ್ಯಾಸ್ ಸಿಲಿಂಡರಿಗೆ ಒದ್ದೆ ಗೋಣಿಚೀಲವನ್ನು ತನ್ನ ಕಡೆಯಿಂದ ಆಚೆಗೆ ಹೊದಿಸಿ, ಕೈ ಹಿಂದೆಗೆಯದೆ ಒತ್ತಿ, ವಾಲ್ವ್ ತಿರುಗಿಸಿ ನಿಲ್ಲಿಸುವುದನ್ನು ತೋರಿಸುತ್ತಾರೆ. ಆಮೇಲೆ ನೆರೆದವರಲ್ಲೊಬ್ಬ ಹೆಂಗಸನ್ನು ಮುಂದೆ ಕರೆದು, ಅದೇ ಗೋಣಿಚೀಲವನ್ನು ಅವರ ಕೈಗೆ ಕೊಡುತ್ತಾರೆ.