ಪಾಳುಬಿದ್ದ ಸರ್ಕಾರಿ ಕಟ್ಟಡದ ಫೋಟೊ ತೆಗೀಬಹುದಾ?

ರಸ್ತೆಯಲ್ಲಿ ನಿಂತು ತೆಗೆದರೆ ಸಾಮಾನ್ಯವಾಗಿ ತಕರಾರಿಲ್ಲ. ಗೇಟು ಹಾರಿ ಒಳಗೆ ಹೋದ್ರೆ ಕಥೆ ಬೇರೆ. ಬಾಗಿಲು ಕಿತ್ತುಹೋಗಿದ್ರೂ ಕಟ್ಟಡ ಇಲಾಖೆಯದ್ದೇ. ಅಪರಾಧಿಕ ಅತಿಕ್ರಮ ಪ್ರವೇಶ ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 329(3)ರ ಪ್ರಕಾರ 3 ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ ಅಥವಾ ಎರಡೂ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಲ್ಲೆಡೆ ಇದೇ ಕಾನೂನು. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಿರಿ. ಮಾಳಿಗೆ ಮಾತ್ರ ಹತ್ತಬೇಡಿ. ಗೆದ್ದಲು ತಿಂದ ತೊಲೆ ಹೇಳಿ ಕೇಳಿ ಮುರಿಯಲ್ಲ.

ಹಾಗಂತ ಫೋಟೊನೇ ಬೇಡ ಅಂತಲ್ಲ. ಸ್ವಾತಂತ್ರ್ಯ ಹೋರಾಟಗಾರರು ಸೆರೆಯಿದ್ದ ಬಳ್ಳಾರಿಯ ಅಲ್ಲೀಪುರ ಜೈಲಿನ ಜಾಗದಲ್ಲಿ ಈಗಿರುವುದು 1961ರಲ್ಲಿ ಶುರುವಾದ, ಜನ ವಿಮ್ಸ್ ಅಂತಲೇ ಕರೆಯೋ ವೈದ್ಯಕೀಯ ಕಾಲೇಜು. ಹಳೆ ಜೈಲು ಹೇಗಿತ್ತು ಅಂತ ಮಕ್ಕಳಿಗೆ ತೋರಿಸೋಕೆ ಹಳೇ ಫೋಟೊನೇ ಬೇಕು. ತೆಗೆದ ಫೋಟೊ ಜೊತೆ ತಾರೀಖು, ಊರು, ಕಟ್ಟಡದ ಹೆಸರು ಬರೆದಿಡಿ.