ಕಣ್ಣು ಕೊಟ್ಟ ಅಂಕ, ಕಿವಿ ಕೊಟ್ಟ ಅಂಕ

ವಾರದ ಕೊನೆಯ ಸಂಜೆ ಟೀವಿಯಲ್ಲಿ ಹಾಡಿನ ಸ್ಪರ್ಧೆ ಶುರುವಾಯಿತೆಂದರೆ ಮನೆಮಂದಿಯೆಲ್ಲ ತೀರ್ಪುಗಾರರೇ. ‘ಆ ಹುಡುಗಿಗೆ ಶ್ರುತಿಯೇ ನಿಲ್ಲೋದಿಲ್ಲ’ ಎನ್ನುತ್ತಾರೆ ಅಜ್ಜಿ. ‘ಎಷ್ಟು ಮುದ್ದಾಗಿ ನಗ್ತಾಳೆ, ಅವಳೇ ಗೆಲ್ಲೋದು’ ಎನ್ನುತ್ತಾಳೆ ಮೊಮ್ಮಗಳು. ‘ಪಾಪ, ಬಡವರ ಮನೆ ಹುಡುಗ, ನಮ್ಮ ಓಟು ಅವನಿಗೇ’ ಎನ್ನುತ್ತಾರೆ ಅಪ್ಪ. ಮೊದಲನೆಯದು ಕಂಠದ ಬಗ್ಗೆ, ಎರಡನೆಯದು ಮುಖದ ಬಗ್ಗೆ, ಮೂರನೆಯದು ಬದುಕಿನ ಬಗ್ಗೆ. ಮೂರನ್ನೂ ನಾವು ‘ಹಾಡಿನ ಬಗ್ಗೆ ಅಭಿಪ್ರಾಯ’ ಎಂದೇ ಕರೆಯುತ್ತೇವೆ!

ಜಾಲಹಳ್ಳಿಯಂಥ ಕಡೆ ಈ ಚರ್ಚೆಗೆ ಇನ್ನಷ್ಟು ರಂಗು. 1950ರ ದಶಕದಲ್ಲಿ ಇಲ್ಲಿಗೆ ಬಂದ ಎಚ್‌ಎಂಟಿ ಮತ್ತು ಬಿಇಎಲ್ ಕಾರ್ಖಾನೆಗಳು, ಪಕ್ಕದ ವಾಯುಪಡೆಯ ನೆಲೆ ಎಲ್ಲೆಲ್ಲಿಂದಲೋ ಜನರನ್ನು ಕರೆತಂದವು. ಒಂದೇ ಬೀದಿಯಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದವರು, ಧಾರವಾಡದ ಕಡೆಯ ಹಿಂದೂಸ್ತಾನಿ ಪ್ರಿಯರು, ತಮಿಳು-ಮಲಯಾಳಂ ಚಿತ್ರಗೀತೆಗಳ ಅಭಿಮಾನಿಗಳು ಎಲ್ಲರೂ ಸಿಗುತ್ತಾರೆ. ಟೀವಿಗೂ ಈ ಊರಿಗೂ ಹಳೆಯ ನಂಟು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಮೊದಲೇ, 1970ರ ದಶಕದ ಆರಂಭದಲ್ಲಿ, ಬಿಇಎಲ್ ಕಪ್ಪು-ಬಿಳುಪು ಟೀವಿಯ ಪಿಕ್ಚರ್ ಟ್ಯೂಬುಗಳನ್ನು ತಯಾರಿಸುತ್ತಿತ್ತು.

ಕನ್ನಡದಲ್ಲಿ ಇಂಥ ಸ್ಪರ್ಧೆಗಳನ್ನು ಮನೆಮಾತಾಗಿಸಿದ್ದು ಈಟೀವಿಯ ‘ಎದೆ ತುಂಬಿ ಹಾಡುವೆನು’. ಜಿ.ಎಸ್. ಶಿವರುದ್ರಪ್ಪನವರ ಕವಿತೆಯಿಂದ ಹೆಸರು ಪಡೆದ ಆ ಕಾರ್ಯಕ್ರಮವನ್ನು ನಡೆಸಿಕೊಟ್ಟವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಬಳಿಕ ಹಂಸಲೇಖ, ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ ಅವರು ಕುಳಿತ ಜೀ ಕನ್ನಡದ ‘ಸರಿಗಮಪ’ ಬಂತು. 2020ರಲ್ಲಿ ಅಗಲಿದ ಎಸ್‌ಪಿಬಿ ಅವರ ತೀರ್ಪಿನ ರೀತಿ ಹಲವರಿಗೆ ಇಂದಿಗೂ ನೆನಪಿದೆ. ತಪ್ಪನ್ನು ಮುಚ್ಚಿಡುತ್ತಿರಲಿಲ್ಲ, ಆದರೆ ತಪ್ಪು ಯಾವ ಪದದ ಉಚ್ಚಾರದಲ್ಲಿ, ಯಾವ ಸ್ವರದಲ್ಲಿ ಎಂದು ಬಿಡಿಸಿ ತೋರಿಸುತ್ತಿದ್ದರು. ಮನೆಯಲ್ಲಿ ಕುಳಿತ ನಮ್ಮ ಅಭಿಪ್ರಾಯಗಳಿಗೂ ಅಷ್ಟು ಖಚಿತತೆ ಬರಲು ಸಾಧ್ಯವೆ? ನಾವು ಮತ್ತೆ ಮತ್ತೆ ಆಡುವ ನಾಲ್ಕು ಮಾತುಗಳನ್ನೇ ಪರೀಕ್ಷಿಸಿ ನೋಡೋಣ.

‘ಏನು ಹಾಡಿದಳು ನೋಡಿ!’

ನಾವು ಹಾಡನ್ನು ‘ನೋಡಿ’ ಎನ್ನುತ್ತೇವೆ, ‘ಕೇಳಿ’ ಎನ್ನುವುದು ಕಡಿಮೆ. ಚಿಯಾ-ಜುಂಗ್ ತ್ಸಾಯ್ ಎಂಬ ಸಂಶೋಧಕಿ 2013ರಲ್ಲಿ ಪ್ರಕಟಿಸಿದ ಪ್ರಯೋಗ ಸ್ವಾರಸ್ಯಕರವಾಗಿದೆ. ಅಂತರರಾಷ್ಟ್ರೀಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಸ್ಪರ್ಧೆಗಳ ಅಂತಿಮ ಸುತ್ತಿನ ಪುಟ್ಟ ತುಣುಕುಗಳನ್ನು ಕೆಲವರಿಗೆ ಕೇಳಿಸಿದರು. ಇನ್ನು ಕೆಲವರಿಗೆ ಸದ್ದಿಲ್ಲದ ದೃಶ್ಯ ಮಾತ್ರ ತೋರಿಸಿದರು. ಗೆದ್ದವರು ಯಾರೆಂದು ಹೆಚ್ಚು ಸರಿಯಾಗಿ ಊಹಿಸಿದವರು ಕೇಳಿದವರಲ್ಲ, ಮೂಕಚಿತ್ರ ನೋಡಿದವರು! ಸಂಗೀತ ಬಲ್ಲವರ ಪಾಡೂ ಇದೇ ಆಗಿತ್ತು. ಎಲ್ಲ ಸ್ಪರ್ಧೆಗಳಲ್ಲೂ ಹೀಗೇ ಆಗುತ್ತದೆಂದು ಹೇಳಲಾಗದು ಎಂದು ನಂತರದ ಪರೀಕ್ಷೆಗಳು ತಿಳಿಸಿವೆ. ಆದರೂ ಕಣ್ಣು ಕಿವಿಯ ತೀರ್ಪಿನಲ್ಲಿ ಕೈಯಾಡಿಸುತ್ತದೆ ಎಂಬ ಎಚ್ಚರ ಒಳ್ಳೆಯದೇ.

ಆಕಾಶವಾಣಿ ಇದನ್ನು ಬಹು ಹಿಂದೆಯೇ ಮನಗಂಡಿತ್ತು. ಅಲ್ಲಿನ ಧ್ವನಿಪರೀಕ್ಷೆಯಲ್ಲಿ ಕಲಾವಿದರ ಹೆಸರು, ಮುಖ ತಿಳಿಯದಂತೆ ಬರಿಯ ಧ್ವನಿಯನ್ನು ಕೇಳಿ ಶ್ರೇಣಿ ಕೊಡುವ ಪದ್ಧತಿ ಬೆಳೆದು ಬಂತು. ಟೀವಿ ಸ್ಪರ್ಧೆಯಲ್ಲಿ ಹಾಗಿಲ್ಲ. ಬೆಳಕು, ಉಡುಪು, ಅಮ್ಮನ ಕಣ್ಣೀರು, ಊರಿನ ದೃಶ್ಯ ಎಲ್ಲವೂ ಹಾಡಿಗಿಂತ ಮೊದಲೇ ಬಂದು ನಮ್ಮ ಮನಸ್ಸಿನಲ್ಲಿ ಕುಳಿತಿರುತ್ತವೆ.

‘ಅವನ ದನಿ ತೀರಾ ತೆಳು’

ವಯಸ್ಕ ಗಂಡಸು ಮಾತನಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಕಂಪಿಸುತ್ತವೆ. ಹೆಂಗಸರಲ್ಲಿ ಇದು ಸುಮಾರು 200, ಮಕ್ಕಳಲ್ಲಿ ಇನ್ನೂ ಹೆಚ್ಚು. ಗಂಟಲಿನಿಂದ ಹೊರಡುವುದು ಒಂದೇ ಕಂಪನವಲ್ಲ. ಮೂಲ ಕಂಪನ 100 ಆದರೆ ಜೊತೆಗೆ 200, 300, 400ರ ಕಂಪನಗಳೂ ಹೊರಡುತ್ತವೆ. ಇವುಗಳ ಹದವಾದ ಮಿಶ್ರಣವೇ ಒಬ್ಬೊಬ್ಬರ ಕಂಠಕ್ಕೂ ಬೇರೆ ಬೇರೆ ಗುಣ ಕೊಡುವುದು.

ಗೋಡೆಗೆ ತೂಗುಹಾಕುವ ಚಪ್ಪಟೆ ಟೀವಿಯ ಪುಟ್ಟ ಸ್ಪೀಕರುಗಳಿಗೆ ತಗ್ಗಿನ ಕಂಪನಗಳನ್ನು ಸರಿಯಾಗಿ ಹೊರಡಿಸುವ ಶಕ್ತಿ ಇಲ್ಲ. 100ರ ಕಂಪನ ಬಹುಪಾಲು ಅಲ್ಲೇ ಉಡುಗಿಹೋಗುತ್ತದೆ. ಆದರೂ ನಮಗೆ ಶ್ರುತಿ ತಪ್ಪಿದಂತೆ ಕೇಳಿಸುವುದಿಲ್ಲ. 200, 300, 400ರ ನಡುವಿನ ಅಂತರವನ್ನು ಗ್ರಹಿಸಿ ಇಲ್ಲದ 100ನ್ನು ಮಿದುಳು ತಾನೇ ಒದಗಿಸಿಕೊಳ್ಳುತ್ತದೆ. ಶ್ರುತಿ ಉಳಿಯುತ್ತದೆ, ತುಂಬುದನಿಯ ಗಾತ್ರ ಮಾತ್ರ ಸೊರಗುತ್ತದೆ. ಮಂದ್ರದಲ್ಲಿ ಗಂಭೀರವಾಗಿ ಹಾಡುವ ಹುಡುಗ ‘ತೆಳು’ ಎನಿಸಿಕೊಳ್ಳುವುದು, ತಾರಸ್ಥಾಯಿಯಲ್ಲಿ ಹಾಡುವ ಹುಡುಗಿ ‘ಗಟ್ಟಿ’ ಎನಿಸಿಕೊಳ್ಳುವುದು ಕೆಲವೊಮ್ಮೆ ಗಂಟಲಿನ ಗುಣದಿಂದಲ್ಲ, ನಮ್ಮ ಮನೆಯ ಟೀವಿಯ ಗುಣದಿಂದ. ಅದೇ ಹಾಡನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

‘ಅದು ಹಾಡಲ್ಲ, ಕೂಗು’

‘ಸರಿಗಮಪ’ದ 15ನೇ ಆವೃತ್ತಿ ನೆನಪಿರಬಹುದು. 2019ರಲ್ಲಿ ಮುಗಿದ ಆ ಸ್ಪರ್ಧೆಯಲ್ಲಿ ಗೆದ್ದವರು ಕೀರ್ತನ್ ಹೊಳ್ಳ. ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿಯ ಕುರಿಗಾಹಿ ಹನುಮಂತ ಲಮಾಣಿ ಎರಡನೆಯವರಾದರು. ಮನೆಮನೆಯಲ್ಲಿ ಚರ್ಚೆಯಾಗಬೇಕಾದಂಥ ಜೋಡಿಯೇ ಅದು. ಒಂದೆಡೆ ತಿದ್ದಿ ತೀಡಿದ ಗಾಯನ, ಇನ್ನೊಂದೆಡೆ ಬಯಲಿನಲ್ಲಿ ಬೆಳೆದ ಕಂಠ. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿಯುವುದು ಹೇಗೆ?

ಇಲ್ಲಿಯೂ ವಿಜ್ಞಾನ ಸ್ವಲ್ಪ ನೆರವಾಗುತ್ತದೆ. ಬಯಲಿನಲ್ಲಿ ಸದ್ದನ್ನು ಹಿಂದಿರುಗಿಸಲು ಗೋಡೆಯಿಲ್ಲ, ಚಾವಣಿಯಿಲ್ಲ. ದೂರ ಎರಡರಷ್ಟಾದರೆ ಸದ್ದಿನ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಇಂಥಲ್ಲಿ ಹಾಡಿ ಬೆಳೆದವರು ಮೇಲಿನ ಕಂಪನಗಳು ಮಿಂಚುವಂತೆ ಎದೆ ತೆರೆದು ಹಾಡುತ್ತಾರೆ. ಸೆಕೆಂಡಿಗೆ 2,000ದಿಂದ 4,000ದವರೆಗಿನ ಕಂಪನಗಳಿಗೆ ನಮ್ಮ ಕಿವಿ ಹೆಚ್ಚು ಚುರುಕು, ಆದ್ದರಿಂದ ಆ ದನಿ ದೂರಕ್ಕೂ ಮುಟ್ಟುತ್ತದೆ. ಚಲನಚಿತ್ರ ಗಾಯನ ಹುಟ್ಟಿದ್ದು ಮೈಕಿನ ಮುಂದೆ. ಪಿಸುಮಾತೂ ಸಾಕು, ಉಳಿದದ್ದನ್ನು ಮೈಕು ನೋಡಿಕೊಳ್ಳುತ್ತದೆ. ಜಾನಪದ ಕಂಠಕ್ಕೆ ನಾಜೂಕಿಲ್ಲ ಎಂದು ಅಂಕ ಕಳೆಯುವುದೂ ಸರಿಯಲ್ಲ, ಕುರಿ ಕಾಯುವ ಹುಡುಗ ಎಂಬ ಕಾರಣಕ್ಕೇ ಅಂಕ ಕೂಡಿಸುವುದೂ ಸರಿಯಲ್ಲ. ತಾನು ಹಿಡಿದ ಶೈಲಿಯಲ್ಲಿ ಶ್ರುತಿ, ಲಯ, ಮಾತಿನ ಸ್ಪಷ್ಟತೆಗಳನ್ನು ಎಷ್ಟು ಕಾಪಾಡಿಕೊಂಡ ಎಂಬುದೇ ಕೇಳಬೇಕಾದ ಪ್ರಶ್ನೆ.

‘ಹೋದ ವರ್ಷ ಎಷ್ಟು ಚೆನ್ನಾಗಿ ಹಾಡ್ತಿದ್ದ!’

ಎಲ್ಲಕ್ಕಿಂತ ಹೆಚ್ಚು ನೋಯಿಸುವ ಮಾತು ಇದು. ಮಕ್ಕಳ ಸ್ಪರ್ಧೆಗಳಲ್ಲಿ ಹನ್ನೊಂದು, ಹನ್ನೆರಡರ ಹುಡುಗರು ಬೆಳ್ಳಿಗಂಟೆಯಂತೆ ಹಾಡುತ್ತಾರೆ. ಹನ್ನೆರಡರಿಂದ ಹದಿನಾಲ್ಕರ ಸುಮಾರಿಗೆ ಹಾರ್ಮೋನುಗಳ ಪ್ರಭಾವದಿಂದ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ತಂಬೂರಿಯ ತಂತಿ ಉದ್ದವಾದಷ್ಟೂ, ದಪ್ಪವಾದಷ್ಟೂ ಸ್ವರ ತಗ್ಗುವಂತೆ ಇಲ್ಲಿಯೂ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇಳಿಯುವ ಹಾದಿಯಲ್ಲಿ ಕಂಠ ಹಿಡಿತಕ್ಕೆ ಸಿಗದೆ ಒಡೆಯುತ್ತದೆ. ಹೆಣ್ಣುಮಕ್ಕಳಲ್ಲೂ ಬದಲಾವಣೆ ಉಂಟು, ಆದರೆ ಅಷ್ಟು ದೊಡ್ಡದಲ್ಲ.

ಇದು ಸಾಧನೆಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಮೀಸೆ ಮೂಡುವಷ್ಟೇ ಸಹಜವಾದ ಸಂಗತಿ. ಆಗ ‘ಇನ್ನೂ ಸಾಧನೆ ಮಾಡು’ ಎಂದು ಹಳೆಯ ಎತ್ತರದ ಶ್ರುತಿಯಲ್ಲೇ ಕೂಗಿಸುವುದು ಕಂಠಕ್ಕೆ ಹಾನಿ. ಶ್ರುತಿ ಇಳಿಸಿ, ನಡುಸ್ಥಾಯಿಯಲ್ಲಿ ಆರಾಮವಾಗಿ ಹಾಡಿಸಬೇಕು, ಬೇಕಾದಷ್ಟು ನೀರು, ವಿಶ್ರಾಂತಿ ಕೊಡಬೇಕು. ಗೊರಗೊರ ದನಿ ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ಗಂಟಲು ತಜ್ಞರಿಗೆ ತೋರಿಸಬೇಕು.

ಮಕ್ಕಳನ್ನು ಸ್ಪರ್ಧೆಗೆ ಕಳುಹಿಸುವ ತಂದೆತಾಯಿ ಕಾನೂನನ್ನೂ ತಿಳಿದಿರುವುದು ಮೇಲು. ಬಾಲಕಾರ್ಮಿಕ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳಂತೆ, ಹದಿನಾಲ್ಕು ತುಂಬದ ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತ 27 ದಿನ ಮೀರುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು.

ಮನೆಯಲ್ಲೇ ಒಂದು ಪ್ರಯೋಗ

ವಿದ್ಯಾರ್ಥಿಗಳು ಇದನ್ನು ರಜೆಯ ದಿನ ಮಾಡಿ ನೋಡಬಹುದು. ಹಿಂದೆಂದೂ ನೋಡಿರದ ಸ್ಪರ್ಧೆಯ ಐದು ಹಾಡುಗಳನ್ನು ಆರಿಸಿಕೊಳ್ಳಿ. ಮೊದಲು ಟೀವಿಗೆ ಬೆನ್ನು ಮಾಡಿ ಕುಳಿತು ಕೇಳಿ. ಶ್ರುತಿ, ಲಯ, ಉಚ್ಚಾರಣೆ, ಭಾವ ಒಂದೊಂದಕ್ಕೂ ಹತ್ತರಲ್ಲಿ ಅಂಕ ಬರೆಯಿರಿ. ಶ್ರುತಿಗೆ ದೀರ್ಘವಾಗಿ ನಿಲ್ಲುವ ಸ್ವರಗಳನ್ನು ಗಮನಿಸಿ, ಲಯಕ್ಕೆ ತೊಡೆಯ ಮೇಲೆ ತಾಳ ಹಾಕಿ, ಉಚ್ಚಾರಣೆಗೆ ಹಕಾರ, ಮಹಾಪ್ರಾಣ, ಶ-ಷ-ಸಗಳ ಕಡೆ ಕಿವಿಗೊಡಿ. ಒಂದು ವಾರದ ಬಳಿಕ ಹಾಡುಗಳ ಸರದಿ ಬದಲಿಸಿ, ಈ ಸಲ ನೋಡುತ್ತಾ ಅಂಕ ಕೊಡಿ. ಎರಡು ಪಟ್ಟಿಗಳನ್ನೂ ಪಕ್ಕದಲ್ಲಿಡಿ. ಯಾರಿಗೆ ಅಂಕ ಏರಿತು, ಯಾರಿಗೆ ಇಳಿಯಿತು, ಏಕೆ? ಮನೆಯವರೆಲ್ಲ ಸೇರಿ ಮಾಡಿದರೆ ಇನ್ನೂ ಚೆನ್ನ.

ತೀರ್ಪು ಏನೇ ಬರಲಿ, ಅದು ಒಂದು ಸಂಜೆಯ ಹಾಡಿನ ಮೇಲಿನ ತೀರ್ಪು, ಮಗುವಿನ ಮೇಲಿನದಲ್ಲ. ಅರಿಜಿತ್ ಸಿಂಗ್ 2005ರಲ್ಲಿ ‘ಫೇಮ್ ಗುರುಕುಲ್’ ಸ್ಪರ್ಧೆಯಿಂದ ಹೊರಬಿದ್ದವರೇ. ನಮ್ಮ ಸಂಜಿತ್ ಹೆಗ್ಡೆ ‘ಸರಿಗಮಪ’ ಗೆಲ್ಲಲಿಲ್ಲ, ಗಾಯಕರಾಗಿ ನೆಲೆಯೂರಿದರು. ಇವರಂತೆ ಹೆಸರು ಮಾಡುವವರು ಕೆಲವರೇ ಇರಬಹುದು. ಉಳಿದ ಮಕ್ಕಳು ಸೋಮವಾರ ಬೆಳಿಗ್ಗೆ ಚೀಲ ಹೊತ್ತು ಎಂದಿನಂತೆ ಶಾಲೆಗೆ ಹೋಗುತ್ತಾರೆ. ಆಗ ಅವರ ಕಿವಿಗೆ ನೆರೆಹೊರೆಯವರ, ಸಹಪಾಠಿಗಳ ಮಾತು ಬಿದ್ದೇ ಬೀಳುತ್ತದೆ. ‘ನಿನಗೆ ಹಾಡಲು ಬರೋಲ್ಲ’ ಎಂಬ ಮಾತು ಮಗುವಿನ ಬಾಯಿ ಮುಚ್ಚಿಸುತ್ತದೆ. ‘ಎರಡನೇ ಚರಣದಲ್ಲಿ ಉಸಿರು ಸಾಲಲಿಲ್ಲ, ಅಲ್ಲವೆ?’ ಎಂದರೆ ಆ ಮಗು ಮನೆಗೆ ಹೋಗಿ ಅದೇ ಚರಣವನ್ನು ಇನ್ನೊಮ್ಮೆ ಹಾಡಿ ನೋಡಬಹುದು.