ಸೂಜಿಮೊನೆಯಲ್ಲಿ ಮೂಡುವ ಮುಖ

ನೂಲಿಲ್ಲ, ಹೊಲಿಗೆಯಿಲ್ಲ, ಅಂಟೂ ಇಲ್ಲ. ಆದರೂ ಬರೀ ಉಣ್ಣೆಯಿಂದ ಕಣ್ಣು, ಮೂಗು, ಹುಬ್ಬುಗಳುಳ್ಳ ಗೊಂಬೆ ಮೂಡುತ್ತದೆ. ಇದೇ ನೀಡಲ್ ಫೆಲ್ಟಿಂಗ್. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿವೆ. ಕಚ್ಚುಗಳುಳ್ಳ ಸೂಜಿಯಿಂದ ಚುಚ್ಚಿದಾಗಲೆಲ್ಲ ಎಳೆಗಳು ಒಳಸರಿದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೆಚ್ಚು ಚುಚ್ಚಿದಲ್ಲಿ ತಗ್ಗು, ಉಣ್ಣೆ ಸೇರಿಸಿದಲ್ಲಿ ಉಬ್ಬು.

ಈ ಸೂಜಿ ಹುಟ್ಟಿದ್ದು ಕಾರ್ಖಾನೆಯ ಯಂತ್ರಕ್ಕಾಗಿ. 1980ರ ದಶಕದಲ್ಲಿ ಅಮೆರಿಕದ ಸ್ಟಾನ್‌ವುಡ್ ದಂಪತಿ ಅದನ್ನು ಒಂಟಿಯಾಗಿ ಕೈಗೆತ್ತಿಕೊಂಡು ಕಲೆಯಾಗಿಸಿದರು. 2012ರಲ್ಲಿ ಕೆನಡಾದ ಅವಳಿ ಸೋದರರಾದ ಜ್ಯಾಕ್ ಮತ್ತು ಹೋಲ್ಮನ್ ವಾಂಗ್ 'ಮೋಬಿ ಡಿಕ್' ಕಾದಂಬರಿಯನ್ನು ಎಳೆಯ ಮಕ್ಕಳಿಗಾಗಿ 12 ಪದ, 12 ಚಿತ್ರಗಳಲ್ಲಿ ಹೇಳಿದರು. ಚಿತ್ರಗಳಲ್ಲಿದ್ದವು ಇಂಥ ಉಣ್ಣೆಗೊಂಬೆಗಳು. ಮಾತು ಕಡಿಮೆಯಾದಷ್ಟೂ ಮುಖದ ಹೊಣೆ ಹೆಚ್ಚು. ಮೆಲ್ವಿಲ್ ಪುಟಗಟ್ಟಲೆ ಬಣ್ಣಿಸಿದ ಅಹಾಬನ ಹಟವನ್ನು ಹುಬ್ಬಿನ ಒಂದೆರಡು ಎಳೆಗಳೇ ಹೇಳಬೇಕು.